ಗೇಣಗಲದ ಹೆಸರು

ಜೂನ್ ೪

ಪ್ರೀತಿಯ ಅತ್ತೆಗೆ ನಮಸ್ಕಾರ.

ನಿಮ್ಮ ಕಿವಿಗೆ ಫೋನು ಕೇಳಿಸುವುದಿಲ್ಲ. ಈ ವಿಷಯವನ್ನು ಕಿರುಚಿ ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಕಾಗದ. ‘ನಾವೆಲ್ಲ ಕ್ಷೇಮ’ ಎಂದು ಬರೆಯಲು ಹೊರಟು ಪೆನ್ನು ಅಲ್ಲೇ ನಿಂತಿತು.

ಶುರುವಾದದ್ದು ನನ್ನ ಮಗಳ ಹೋಂವರ್ಕ್‌ನಿಂದ. ಮನೆಯವರೊಬ್ಬರ ಹೆಸರನ್ನು ಆರಿಸಿ, ಅದರ ಅರ್ಥವೇನು, ಅದು ಎಲ್ಲಿಂದ ಬಂತು ಎಂದು ಒಂದು ಪುಟ ಬರೆದು ತರಬೇಕಂತೆ. ಅವಳು ಎಂಥ ಸೋಮಾರಿ ಎಂದು ನಿಮಗೆ ಗೊತ್ತೇ ಇದೆ. ‘ಅಮ್ಮನದೇ ಚಿಕ್ಕದು, ಬೇಗ ಮುಗಿಯುತ್ತೆ’ ಎಂದು ನನ್ನ ಹೆಸರು ಹಿಡಿದುಕೊಂಡಳು. ಲೈಬ್ರರಿಯಿಂದ ಒಂದು ದಪ್ಪ ಪುಸ್ತಕವೂ ಬಂತು. ಅದರ ಪ್ರಕಾರ ಲೀನಾ ಎಂದರೆ ಒಂದು ಭಾಷೆಯಲ್ಲಿ ‘ಮೃದುವಾದವಳು’. ಇನ್ನೊಂದರಲ್ಲಿ ‘ಬೆರೆತುಹೋದವಳು’. ಮತ್ತೊಂದು ಕಡೆ ಅದಕ್ಕೆ ಸ್ವಂತ ಅರ್ಥವೇ ಇಲ್ಲ, ಉದ್ದುದ್ದ ಹೆಸರುಗಳಿಂದ ಕತ್ತರಿಸಿಕೊಂಡ ಬಾಲ. ಇಷ್ಟು ವರ್ಷ ಬಾಲಕ್ಕಾ ಉತ್ತರ ಕೊಡುತ್ತಿದ್ದೆ ನಾನು ಎಂದು ಇಬ್ಬರೂ ನಕ್ಕೆವು.

ಪುಟ ತುಂಬಲಿಲ್ಲ. ‘ತಾತ ಈ ಹೆಸರೇ ಯಾಕಿಟ್ಟರು?’ ಎಂದು ಮಗಳು ನನ್ನನ್ನು ಕೇಳಿದಳು. ನನಗೂ ಗೊತ್ತಿರಲಿಲ್ಲ. ಅಜ್ಜಿಯನ್ನು ಕೇಳು ಎಂದೆ. ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತದೆ, ದಿಂಬಿನ ಕವರಿನ ಮೂಲೆ ಸರಿಮಾಡುತ್ತ ಹೇಳಿದಳು:

“ಅದು ನಿಮ್ಮ ತಾತ ಇಟ್ಕೊಂಡಿದ್ದವಳ ಹೆಸರು. ಹಾಗೇ ಬರ್ಕೊಂಡು ಹೋಗು.”

ಮಗು ಬರೆದುಕೊಂಡು ಬಂದಿತ್ತು ಅತ್ತೆ. ದುಂಡಗಿನ ಅಕ್ಷರದಲ್ಲಿ. ‘ಇಟ್ಟುಕೊಳ್ಳುವುದು ಅಂದರೆ ಸಾಕುವುದಾ ಅಮ್ಮ?’ ಎಂದು ಕೇಳಿತು. ನಾನು ಆ ಹಾಳೆ ಹರಿದು ಹಾಕಿದೆ. ಮಾರನೆಯ ದಿನ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಒಬ್ಬರ ಎಡಗಣ್ಣಿನ ಗಾಜನ್ನು ಬಲಗಡೆ ಕೂರಿಸಿಬಿಟ್ಟೆ.

ಅಮ್ಮನಿಗೆ ತಲೆ ಕೆಟ್ಟಿದೆ ಎಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಅಪ್ಪ ತೀರಿಕೊಳ್ಳುವ ಹಿಂದಿನ ದಿನ ನಡೆದದ್ದನ್ನು ನಾನು ಯಾರಿಗೂ ಹೇಳಿಲ್ಲ. ಜ್ವರದಲ್ಲಿ ಅವರು ‘ಲೀನಾನ ನಿಲ್ಸಿ, ಅವಳು ನನ್ನ ಬಿಡಲ್ಲ’ ಎಂದು ಕನವರಿಸುತ್ತಿದ್ದರು. ಅಪ್ಪ, ನಾನು ಇಲ್ಲೇ ಇದ್ದೀನಿ ಎಂದೆ. ಅವರು ಕಣ್ಣು ಬಿಟ್ಟು ನನ್ನನ್ನು ಚೆನ್ನಾಗಿ ಗುರುತಿಸಿ ಹೇಳಿದರು: “ನೀನಲ್ಲಮ್ಮ. ಆ ಲೀನಾ.”

ಆಗ ಔಷಧಿಯ ಮಂಪರು ಎಂದುಕೊಂಡಿದ್ದೆ. ಈಗ ಹಾಗನ್ನಿಸುತ್ತಿಲ್ಲ. ಅಪ್ಪನ ಜೊತೆ ಒಂದೇ ರಬ್ಬರ್ ಕಾರ್ಖಾನೆಯಲ್ಲಿ ದುಡಿದವರು ನೀವು, ಅವರಿಗಿದ್ದ ಒಬ್ಬರೇ ಅಕ್ಕ. ನಿಮಗೆ ಗೊತ್ತಿರದೆ ಇರುವುದಿಲ್ಲ. ಅಂಥವಳು ಇದ್ದಳೇ? ನಾನು ಹುಟ್ಟಿದಾಗಲೇ ಇದ್ದಳೇ?

ನಿಮ್ಮ,
ಲೀನಾ


ಜೂನ್ ೧೨

ಚಿರಂಜೀವಿ ಲೀನಾಳಿಗೆ ಅತ್ತೆಯ ಆಶೀರ್ವಾದ.

ಇಲ್ಲಿ ಮಂಡಿ ನೋವು ಮತ್ತು ಎದುರುಮನೆಯ ರೇಡಿಯೋ ಬಿಟ್ಟರೆ ಎಲ್ಲ ಕ್ಷೇಮ. ರೇಡಿಯೋ ನನಗೆ ಕೇಳಿಸುವುದಿಲ್ಲ. ಕೇಳಿಸುತ್ತದೆ ಎಂದು ಅವರಂದುಕೊಂಡಿರುವುದರಿಂದ ನಾನು ಜಗಳ ಆಡುವ ಹಕ್ಕು ಬಿಟ್ಟುಕೊಟ್ಟಿಲ್ಲ.

ನಿನ್ನ ಪ್ರಶ್ನೆಗೆ ನೇರ ಉತ್ತರ: ಅಂಥ ಹೆಂಗಸು ಯಾರೂ ಇರಲಿಲ್ಲ. ನನ್ನ ತಮ್ಮ ಹೆಂಗಸರ ಮುಂದೆ ನಿಂತರೆ ಎರಡು ಮಾತು ಜೋಡಿಸಲು ಬಾರದವನು. ನಿನ್ನಮ್ಮನನ್ನು ನೋಡಲು ಹೋದಾಗಲೂ ಮಾತಾಡಿದ್ದು ನಾನು. ಇವನು ಗೋಡೆಯ ಮೇಲಿನ ಗಡಿಯಾರ ನಿಂತಿದೆ ಎಂದು ಇಳಿಸಿ ರಿಪೇರಿ ಮಾಡುತ್ತಿದ್ದ. ಇಂಥವನು ಇನ್ನೊಂದು ಸಂಸಾರ ಸಾಕುತ್ತಾನೆಯೇ?

ಹೆಸರು ಎಲ್ಲಿಂದ ಬಂತೆಂದರೆ, ಎಲ್ಲೋ ಕೇಳಿದ್ದ, ಚಿಕ್ಕದಾಗಿತ್ತು, ಇಟ್ಟ. ಮೃದುವಾದವಳು ಎಂದು ಪುಸ್ತಕದಲ್ಲೇ ಇದೆಯಲ್ಲ, ಅದನ್ನೇ ನಿನ್ನ ಮಗಳು ಬರೆದುಕೊಂಡು ಹೋಗಲಿ. ಸಾಯುವವರು ಏನೇನೋ ಅನ್ನುತ್ತಾರೆ. ನಮ್ಮಮ್ಮ ಹೋಗುವಾಗ ಒಲೆ ಮೇಲೆ ಹಾಲಿದೆ ಎಂದು ಮೂರು ದಿನ ಕೂಗಿದಳು. ಯಾವ ಹಾಲೂ ಇರಲಿಲ್ಲ.

ಮೊಸರಿನಲ್ಲಿ ಕಲ್ಲು ಹುಡುಕಬೇಡ. ತೀರಿಕೊಂಡವನನ್ನು ಹಾಯಾಗಿ ಮಲಗಲು ಬಿಡಿ. ನಿನ್ನಮ್ಮನಿಗೆ ನಾನು ಕೇಳಿದೆನೆಂದು ಹೇಳು, ಬೇರೇನೂ ಹೇಳಬೇಡ.

ಆಶೀರ್ವಾದಗಳೊಂದಿಗೆ,
ಅತ್ತೆ


ಜೂನ್ ೨೦

ಅತ್ತೆಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಗಡಿಯಾರದ ಕಥೆ ಇಷ್ಟುದ್ದ, ಹೆಸರಿನ ಕಥೆ ಒಂದು ಸಾಲು.

ನೀವು ಹೇಳದಿದ್ದರೆ ಅಮ್ಮ ಹೇಳುತ್ತಾಳೆ ಎಂದು ಕೂತು ಕೇಳಿದೆ. ಒಂದು ಭಾನುವಾರವೆಲ್ಲ ಹೇಳಿದಳು. ಅಳಲಿಲ್ಲ. ಬೇರೆ ಯಾರದೋ ಮನೆಯ ವಿಷಯದಂತೆ ಹೇಳಿದಳು. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಅಪ್ಪ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೂತು ಸಾಮಾನು ಕೊಡುವ ಕೆಲಸ ಮಾಡುತ್ತಿದ್ದರು, ಅಲ್ಲವೇ? ಸ್ಟೋರ್ಸ್‌ನಲ್ಲಿ ಕೂತವನು ಪಾಳಿ ಮುಗಿದು ಒಂದು ಗಂಟೆ ತಡವಾಗಿ ಬರುವುದೇಕೆ? ಬಂದಾಗ ತಲೆಗೂದಲು ಒದ್ದೆ ಇರುವುದೇಕೆ? ಮೈಯಿಂದ ವಾಸನೆ ಸೋಪಿನ ಘಮ ಬರುವುದೇಕೆ? ನಮ್ಮ ಮನೆಯಲ್ಲಿ ಬಟ್ಟೆ ಸೋಪನ್ನೇ ಮೈಗೂ ಹಚ್ಚುತ್ತಿದ್ದ ಕಾಲ ಅದು. ಅಮ್ಮ ವರ್ಷಗಟ್ಟಲೆ ಮೂಗು ಮುಚ್ಚಿಕೊಂಡು ಸುಮ್ಮನಿದ್ದಳಂತೆ.

ನನಗೆ ಆರು ವರ್ಷವಿದ್ದಾಗ ಮಾರುಕಟ್ಟೆಯಲ್ಲಿ ಅಪ್ಪನ ಜೊತೆಗಾರನೊಬ್ಬ ಸಿಕ್ಕನಂತೆ. ಅಮ್ಮ ಹಿಂದೆ ನಿಂತಿದ್ದದ್ದನ್ನು ನೋಡದೆ ಅವನು ಅಪ್ಪನ ಬೆನ್ನು ತಟ್ಟಿ, “ನೀನು ಬರ್ದೇ ಇದ್ರೆ ಲೀನಾ ಯಾರ ಮಾತೂ ಕೇಳಲ್ಲ ಕಣಯ್ಯ, ನಿನ್ನ ಕೈಗೇ ಬಗ್ಗೋದು ಅವಳು” ಎಂದನಂತೆ. ಅಪ್ಪನ ಮುಖ ಬಿಳಿಚಿಕೊಂಡಿತಂತೆ. ಮನೆಗೆ ಬಂದು ಯಾರು ಅವಳು ಎಂದು ಅಮ್ಮ ಕೇಳಿದಾಗ ಅಪ್ಪ ಒಂದೇ ಒಂದು ಮಾತೂ ಆಡಲಿಲ್ಲವಂತೆ. ತಪ್ಪಿಲ್ಲದವನು ಇಲ್ಲ ಅನ್ನುತ್ತಾನಲ್ಲವೇ ಅತ್ತೆ? ತನ್ನ ಮಗಳಿಗೆ ಅವಳ ಹೆಸರನ್ನು ತಾನೇ ಖುಷಿಯಾಗಿ ಒಪ್ಪಿದ್ದೆನಲ್ಲ ಎಂದು ಆ ದಿನ ಅಮ್ಮ ವಾಂತಿ ಮಾಡಿಕೊಂಡಳಂತೆ.

ಇದನ್ನೆಲ್ಲ ಕೇಳುತ್ತ ನನಗೆ ಒಂದು ನೆನಪು ಬಂತು. ನಿಮ್ಮ ಮನೆ ಇರುವುದು ಕಾರ್ಖಾನೆಯ ಗೇಟಿನ ಎದುರಿಗೇ. ಆಗ ನಾವು ಅದೇ ಊರಿನ ಇನ್ನೊಂದು ತುದಿಯಲ್ಲಿದ್ದೆವು. ರಜೆಯಲ್ಲಿ ಬಂದಾಗ ನಿಮ್ಮ ಬಚ್ಚಲಲ್ಲಿ ಗುಲಾಬಿ ಬಣ್ಣದ ಸೋಪು ಇರುತ್ತಿತ್ತು. ನಾನು ಅದನ್ನು ಮೂಸುತ್ತ ಕೂತರೆ ನೀವು ಬೈಯುತ್ತಿದ್ದಿರಿ, ಅದು ನಿಮ್ಮಪ್ಪಂದು ಕಣೇ ಅನ್ನುತ್ತಿದ್ದಿರಿ. ಅಪ್ಪನ ಸೋಪು ನಿಮ್ಮ ಮನೆಯಲ್ಲಿ ಯಾಕಿತ್ತು? ಅವರಿಬ್ಬರೂ ಸೇರುತ್ತಿದ್ದದ್ದು ನಿಮ್ಮ ಮನೆಯಲ್ಲೇ ಏನು? ನೀವೇ ಜಾಗ ಕೊಟ್ಟಿದ್ದಿರಾ?

ಹೆಸರನ್ನೇ ಬದಲಾಯಿಸಿಬಿಡೋಣ ಅನ್ನಿಸುತ್ತಿದೆ. ಅಂಗಡಿಯಲ್ಲಿ ಯಾರಾದರೂ ಕೂಗಿದರೆ ಮೈ ಮೇಲೆ ಹಲ್ಲಿ ಬಿದ್ದ ಹಾಗಾಗುತ್ತದೆ.

ಲೀನಾ


ಜುಲೈ ೧

ಲೀನಾ,

ನನ್ನ ಮನೆಯನ್ನು ನೀನು ಏನೆಂದು ತಿಳಿದೆ ಎಂಬುದನ್ನು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆಯಾಗುತ್ತದೆ. ನಿನ್ನ ಕಾಗದವನ್ನು ಮಡಚಿ ಅಕ್ಕಿ ಡಬ್ಬದ ಕೆಳಗೆ ಇಟ್ಟು ಒಂದು ವಾರ ಅತ್ತ ನೋಡಲಿಲ್ಲ. ನನ್ನ ತಮ್ಮನಿಗೆ ಮಾತು ಕೊಟ್ಟಿದ್ದೆ. ಆ ಮಾತು ಅವನನ್ನೇ ಇಷ್ಟು ಕೆಳಗೆ ಇಳಿಸುವುದಾದರೆ ನಾನು ಅದನ್ನು ಮುರಿಯುತ್ತೇನೆ.

ಲೀನಾ ಹೆಂಗಸಲ್ಲ. ಲೀನಾ ಒಂದು ಯಂತ್ರ.

ನಿಧಾನವಾಗಿ ಓದು. ಕಾರ್ಖಾನೆಯಲ್ಲಿ ರಬ್ಬರ್ ಅರೆಯುವ ರೋಲರ್ ಯಂತ್ರಗಳಿದ್ದವು. ಎರಡು ಉಕ್ಕಿನ ಉರುಳೆಗಳು ಎದುರುಬದುರು ತಿರುಗುತ್ತವೆ. ನಡುವೆ ರಬ್ಬರ್, ಗಂಧಕ, ಕಪ್ಪು ಪುಡಿ ಹಾಕಿ ಕೈಯಿಂದಲೇ ಮಡಚಿ ಮಡಚಿ ಕೊಡಬೇಕು. ನಂಬರು ಹೇಳಿದರೆ ಗದ್ದಲದಲ್ಲಿ ಯಾರಿಗೂ ಹತ್ತುತ್ತಿರಲಿಲ್ಲ. ಅದಕ್ಕೇ ಪ್ರತಿಯೊಂದಕ್ಕೂ ಹೆಣ್ಣಿನ ಹೆಸರು. ರೀಟಾ ಬಿಸಿಯಾಗಿದ್ದಾಳೆ ನೀರು ಬಿಡು, ಮೋನಾ ಇವತ್ತು ಮುನಿಸಿಕೊಂಡಿದ್ದಾಳೆ, ಹೀಗೆ. ಪೋಲಿ ಹುಡುಗರು ಇನ್ನೂ ಏನೇನೋ ಹೇಳುತ್ತಿದ್ದರು.

ಹೆಸರು ಬರೆದವಳು ನಾನೇ. ಪ್ಯಾಕಿಂಗ್ ವಿಭಾಗದಲ್ಲಿದ್ದೆ, ಅಕ್ಷರ ಚೆನ್ನಾಗಿತ್ತೆಂದು ಮೇಸ್ತ್ರಿ ಬಿಳಿ ಬಣ್ಣದ ಡಬ್ಬಿ ಕೈಗೆ ಕೊಟ್ಟರು. ಯಂತ್ರದ ಮುಚ್ಚಳದ ಮೇಲೆ ಇದ್ದದ್ದು ಗೇಣಗಲದ ಜಾಗ. ಉದ್ದ ಹೆಸರು ಹಿಡಿಸುತ್ತಿರಲಿಲ್ಲ. ಮೂರನೆಯದಕ್ಕೆ ಹೊಳೆದದ್ದು ಲೀನಾ. ಯಾರ ನೆನಪೂ ಇಲ್ಲ, ಯಾವ ಅರ್ಥವೂ ಇಲ್ಲ. ನಿನ್ನ ದಪ್ಪ ಪುಸ್ತಕದಲ್ಲಿ ಇದು ಸಿಗುವುದಿಲ್ಲ.

ಇನ್ನು ನಿನ್ನಪ್ಪ. ನಿನ್ನಮ್ಮನ ಅಪ್ಪ ಅಲ್ಲೇ ಅಂಥದೇ ಒಂದು ರೋಲರ್‌ಗೆ ಸಿಕ್ಕಿ ಸತ್ತದ್ದು ನಿನಗೆ ಗೊತ್ತು. ಊಟದ ಡಬ್ಬಿ ಹಿಡಿದು ಗೇಟಿನ ಬಳಿ ನಿಂತಿದ್ದ ನಿನ್ನಮ್ಮ ಅವರನ್ನು ಹೊರಗೆ ತರುವುದನ್ನು ನೋಡಿದಳು ಎಂಬುದು ಗೊತ್ತಿರಲಿಕ್ಕಿಲ್ಲ. ಹನ್ನೆರಡು ವರ್ಷದ ಹುಡುಗಿ. ಆಮೇಲೆ ಕಾರ್ಖಾನೆಯ ಸೈರನ್ ಕೂಗಿದರೆ ಅವಳ ಕೈಯಲ್ಲಿದ್ದದ್ದು ನೆಲಕ್ಕೆ ಬೀಳುತ್ತಿತ್ತು. ರೋಲರ್ ಮುಟ್ಟುವವನನ್ನು ಮದುವೆಯಾಗುವುದಿಲ್ಲ ಎಂದು ಹಟ ಹಿಡಿದಳು. ನನ್ನ ತಮ್ಮ ಕೈಕಾಲು ಹಿಡಿದು ಸ್ಟೋರ್ಸ್‌ಗೆ ಬದಲಿ ಮಾಡಿಸಿಕೊಂಡ. ಮದುವೆಯಾಗಿ ಆರು ತಿಂಗಳಾಗಿತ್ತು, ಮೇಲಿನವರ ಕಡೆಯ ಹುಡುಗನೊಬ್ಬ ಆ ಕುರ್ಚಿಗೆ ಬಂದ. ರೋಲರ್‌ಗೆ ಹೋಗು, ಇಲ್ಲವೇ ಮನೆಗೆ ಹೋಗು ಎಂದರು. ಅವನು ರೋಲರ್‌ಗೆ ಹೋದ. ಮನೆಯಲ್ಲಿ ಹೇಳಲಿಲ್ಲ.

ಕಪ್ಪು ಪುಡಿ ಕಿವಿಯೊಳಗೂ ಕೂರುತ್ತದೆ. ಗಂಧಕದ ನಾತ ಚರ್ಮಕ್ಕೆ ಅಂಟುತ್ತದೆ. ಅದು ನಿನ್ನಮ್ಮನ ಮೂಗಿಗೆ ಬಿದ್ದರೆ ಗತಿಯೇನು? ಅದಕ್ಕೇ ದಿನಾ ನನ್ನ ಬಚ್ಚಲಲ್ಲಿ ಒಂದು ಗಂಟೆ ಉಜ್ಜಿಕೊಂಡು, ಆ ಗುಲಾಬಿ ಸೋಪು ಹಚ್ಚಿಕೊಂಡು, ಬೇರೆ ಅಂಗಿ ತೊಟ್ಟು ಹೋಗುತ್ತಿದ್ದ. ರೋಲರ್‌ನ ವಾಸನೆ ಮುಚ್ಚಲು ಹೋಗಿ ಇನ್ನೊಬ್ಬಳ ವಾಸನೆ ಹೊತ್ತುಕೊಂಡು ಹೋದ, ಪೆದ್ದ.

ನೀನು ಹುಟ್ಟಿದ ದಿನ ಅವನ ಗಮನ ಬಾಗಿಲ ಕಡೆ ಇತ್ತು, ಆಸ್ಪತ್ರೆಯಿಂದ ಸುದ್ದಿ ಬರುತ್ತದೆಂದು. ಕೈಗವಸಿನ ತುದಿ ರಬ್ಬರಿಗೆ ಅಂಟಿ ಒಳಗೆ ಹೋಯಿತು. ಎಳೆದರೆ ಯಂತ್ರ ನಿಲ್ಲಲಿ ಎಂದು ತಲೆಯ ಮೇಲೆ ಒಂದು ಹಗ್ಗ ಇರುತ್ತದೆ. ಕೆಲಸಕ್ಕೆ ಅಡ್ಡ ಬರುತ್ತದೆಂದು ಅದನ್ನು ಎತ್ತಿ ಕಟ್ಟಿದ್ದರು, ಎಟುಕಲಿಲ್ಲ. ಲೀನಾನ ನಿಲ್ಸಿ ಎಂದು ಕೂಗಿದ. ಯಾರೂ ಓಡಿಬರುವ ಮೊದಲೇ ಅವಳು ತಾನಾಗಿ ನಿಂತಳು. ಭಾರ ಹೆಚ್ಚಾದರೆ ಕೆಮ್ಮಿ ನಿಂತುಬಿಡುವ ಕೆಟ್ಟ ಚಾಳಿ ಅದಕ್ಕೆ, ಎಲ್ಲರೂ ಬೈಯುತ್ತಿದ್ದ ಚಾಳಿ. ಬೆರಳಿನ ಚರ್ಮ ಹೋಯಿತು, ಕೈ ಉಳಿಯಿತು. ಪೆಟ್ಟಿಗೆಯ ಮುಚ್ಚಳ ಬಿತ್ತೆಂದು ನಿನ್ನಮ್ಮನಿಗೆ ಹೇಳಿ, ಬ್ಯಾಂಡೇಜಿನ ಕೈಯಲ್ಲೇ ನಿನ್ನನ್ನು ಎತ್ತಿಕೊಂಡ. “ರೀಟಾ ಹತ್ರ ನಿಂತಿದ್ರೆ ಇವತ್ತು ನಾನಿರ್ತಿರ್ಲಿಲ್ಲ ಅಕ್ಕ” ಎಂದು ನನ್ನ ಬಳಿ ಅತ್ತ. ನಿನ್ನ ಹೆಸರು ಬಂದದ್ದು ಅಲ್ಲಿಂದ.

ಮಾರುಕಟ್ಟೆಯ ಪ್ರಸಂಗವಾದ ಮಾರನೆಯ ದಿನ ನಾನು ಅವನ ಕುತ್ತಿಗೆ ಪಟ್ಟಿ ಹಿಡಿದು, ಹೋಗಿ ನಿಜ ಹೇಳು ಎಂದೆ. ಅವನು ಹೇಳಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ, ಈ ಕಿವಿಯಲ್ಲೂ: “ಹೆದರ್ಕೊಂಡು ಬದುಕೋದಕ್ಕಿಂತ ನನ್ ಮೇಲೆ ಸಿಟ್ಟು ಮಾಡ್ಕೊಂಡು ಬದುಕ್ಲಿ ಅಕ್ಕ. ಸಿಟ್ಟಲ್ಲಿ ನಿದ್ದೆ ಆದ್ರೂ ಬರುತ್ತೆ.”

ಈ ಕಾಗದವನ್ನು ನಿನ್ನಮ್ಮನ ಮುಂದೆ ಕೂತು ಗಟ್ಟಿಯಾಗಿ ಓದು. ಒಂದಕ್ಷರ ಬಿಡಬೇಡ.

ಅತ್ತೆ


ಜುಲೈ ೯

ಅತ್ತೆ,

ಕ್ಷಮಿಸಿ ಎಂಬ ಮಾತು ಸಾಲದು. ನಿಮ್ಮ ಕಾಗದವನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರದ ಪಕ್ಕ ನಿಂತು ಓದಿದೆ. ಓದಿ ಮುಗಿದ ಮೇಲೆ ಅದರ ಸ್ವಿಚ್ಚು ಹಾಕಲು ಕೈ ಬರಲಿಲ್ಲ.

ನಾನು ಅಮ್ಮನಿಗೆ ಓದಿ ಹೇಳಿಲ್ಲ. ಹೇಳುವುದೂ ಇಲ್ಲ. ದಯವಿಟ್ಟು ನೀವೂ ಹೇಳಬೇಡಿ.

ಯಾಕೆಂದು ಹೇಳಬೇಕಾದರೆ ನಾನೂ ನಿಮ್ಮಿಂದ ಮುಚ್ಚಿಟ್ಟದ್ದನ್ನು ಹೇಳಬೇಕು. ಅಪ್ಪ ಹೋದಾಗ ಅಮ್ಮ ಪಕ್ಕದಲ್ಲೇ ಕೂತು ಕೈ ಹಿಡಿದುಕೊಂಡಿದ್ದಳು ಎಂದು ನಿಮಗೆ ಬರೆದಿದ್ದೆ. ಅದು ಸುಳ್ಳು. ಅಪ್ಪ ‘ಆ ಲೀನಾ’ ಎಂದಾಗ ಅಮ್ಮ ಬಿಸಿನೀರಿನ ಲೋಟ ಹಿಡಿದು ಬಾಗಿಲಲ್ಲೇ ಇದ್ದಳು. ಕೇಳಿಸಿಕೊಂಡಳು. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಹೋದಳು. ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ.

ಸಂಜೆ ಅಪ್ಪನಿಗೆ ಎಚ್ಚರವಾಯಿತು. ತಲೆ ಸ್ವಚ್ಛವಾಗಿತ್ತು. ಅಮ್ಮನ್ನ ಕರಿ ಎಂದರು. ನಾನು ಹೋದೆ. ಅವಳು ಅಡುಗೆಮನೆಯಲ್ಲಿ ಬೇಳೆ ಆರಿಸುತ್ತಿದ್ದಳು. “ಅವಳನ್ನೇ ಕರೆಸ್ಕೊಳ್ಳೋಕೆ ಹೇಳು” ಎಂದಳು. ಕನವರಿಕೆಗೆ ಮುನಿಸಿಕೊಂಡಿದ್ದಾಳೆ ಎಂದಷ್ಟೇ ಆಗ ಅಂದುಕೊಂಡೆ. ವಾಪಸ್ಸು ಬಂದು ಅಮ್ಮ ಮಲಗಿದ್ದಾಳೆ ಎಂದೆ. ಎಬ್ಬಿಸಬೇಡ ಎಂದರು ಅಪ್ಪ. ಬೆಳಿಗ್ಗೆ ಮತ್ತೆ ಕೇಳಿದರು. ಮತ್ತೆ ಹೋದೆ. ಈ ಸಲ ಅಮ್ಮ ನನ್ನ ಕಡೆ ತಿರುಗದೆ ಒಲೆ ಹಚ್ಚಿದಳು. ನಾನು ತಿರುಗಿ ಬರುವಷ್ಟರಲ್ಲಿ ಅಪ್ಪ ಇರಲಿಲ್ಲ.

ಈಗ ಯೋಚಿಸಿ. ಅವಳ ಹತ್ತಿರ ಹೋಗಿ ‘ಅಮ್ಮಾ, ಯಾವ ಹೆಂಗಸೂ ಇರಲಿಲ್ಲ, ನೀನು ಕಬ್ಬಿಣದ ಮೇಲೆ ಹೊಟ್ಟೆಕಿಚ್ಚು ಪಟ್ಟು ಸಾಯುವ ಗಂಡನ ಬಳಿ ಹೋಗಲಿಲ್ಲ’ ಎಂದು ಹೇಳಲೇ? ಎಪ್ಪತ್ತರ ಹತ್ತಿರದ ಜೀವ. ಅವಳ ಹತ್ತಿರ ಇರುವುದು ಆ ಸಿಟ್ಟೊಂದೇ. ಅದನ್ನೂ ಕಿತ್ತುಕೊಂಡರೆ ಅವಳು ಉಳಿಯುವುದಿಲ್ಲ ಅತ್ತೆ.

ನಿಜಕ್ಕಾಗಿ ನಿಮ್ಮನ್ನು ಪೀಡಿಸಿದವಳು ನಾನೇ. ಈಗ ಸುಮ್ಮನಿರಿ ಎಂದು ಕೈಮುಗಿಯುವವಳೂ ನಾನೇ.

ನಿಮ್ಮ ಲೀನಾ


ಜುಲೈ ೧೭

ಲೀನಾ,

ಕೈ ಹಿಡಿದುಕೊಂಡಿದ್ದಳು ಎಂದು ನೀನು ಬರೆದ ಆ ಹಳೆಯ ಕಾಗದವನ್ನು ನಾನು ಇಷ್ಟು ದಿನ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ. ಅಷ್ಟಾದರೂ ಸಿಕ್ಕಿತಲ್ಲ ನನ್ನ ತಮ್ಮನಿಗೆ ಎಂದು. ನಿನ್ನೆ ಅದನ್ನು ಒಲೆಗೆ ಹಾಕಿದೆ.

ಎರಡು ಸಲ ಕರೆದನಂತೆ. ಎರಡು ಸಲ. ಏನು ಹೇಳಲು ಕರೆದ ಎಂದು ನಿನಗೆ ಹೊಳೆಯುವುದಿಲ್ಲವೇ? ಕೊನೆಗಾದರೂ ಹೇಳಿಬಿಡೋಣ ಎಂದು ಬಾಯಿ ತೆರೆದವನಿಗೆ ಕೇಳುವ ಕಿವಿ ಸಿಗಲಿಲ್ಲ. ನಿನ್ನಮ್ಮ ಉಳಿಯುವುದಿಲ್ಲ ಅನ್ನುತ್ತೀಯ. ಸತ್ತವನ ಮಾನ ಉಳಿಯುವುದು ಬೇಡವೇ? ಬದುಕಿದವರಿಗೆ ಹೇಗೂ ಬಾಯಿದೆ, ಸತ್ತವನಿಗೆ ನಾನಲ್ಲದೆ ಯಾರಿದ್ದಾರೆ?

ಅವನು ನಿವೃತ್ತಿಯಾದ ದಿನ ಇನ್ನಾದರೂ ಹೇಳು ಎಂದಿದ್ದೆ. ಈಗ ಹೇಳಿದರೆ ಅವಳು ಕಳೆದ ವರ್ಷಗಳನ್ನು ಎಣಿಸುತ್ತ ಕೂರುತ್ತಾಳೆ ಎಂದ. ನೀನೂ ಅವನ ಮಗಳೇ, ಸಂಶಯವಿಲ್ಲ. ನಿನ್ನಮ್ಮನಿಗೆ ಏನು ತಡೆದುಕೊಳ್ಳಲು ಆಗುತ್ತದೆ, ಏನು ಆಗುವುದಿಲ್ಲ ಎಂದು ಅವಳನ್ನು ಕೇಳದೆ ನೀವಿಬ್ಬರೇ ತೀರ್ಮಾನ ಮಾಡಿದಿರಿ.

ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಗುಜರಿಯವರು ಬಂದು ಒಂದೊಂದೇ ಯಂತ್ರ ಕಳಚುತ್ತಿದ್ದಾರೆ. ಲೀನಾ ಇನ್ನೂ ಅಂಗಳದಲ್ಲಿದೆ. ತಿಂಗಳು ಮುಗಿಯುವುದರೊಳಗೆ ನೀನು ಹೇಳಬೇಕು. ಇಲ್ಲದಿದ್ದರೆ ನಾನೇ ಬಸ್ಸು ಹತ್ತಿ ಬರುತ್ತೇನೆ, ಮಂಡಿ ಇದ್ದರೂ ಸರಿ, ಹೋದರೂ ಸರಿ.

ಅತ್ತೆ


ಜುಲೈ ೨೪

ಅತ್ತೆ,

ಇದನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ. ಅಮ್ಮ ನಿಮ್ಮಲ್ಲಿಗೆ ಹೊರಟಿದ್ದಾಳೆ. ದಾರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಎರಡು ದಿನ ಇದ್ದು ಬರುತ್ತಾಳೆ.

ನಿನ್ನೆ ಊಟಕ್ಕೆ ಕೂತಾಗ ನನ್ನನ್ನು ನೇರವಾಗಿ ಕೇಳಿದಳು, ನಿಮ್ಮತ್ತೆ ಇಷ್ಟೊಂದು ಕಾಗದ ಬರೀತಾರಲ್ಲ, ಆ ಲೀನಾ ಇನ್ನೂ ಬದುಕಿದಾಳಾ ಎಂದು. ಯಂತ್ರದ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಬಾಯಿಂದ ಹೊರಟದ್ದು ‘ಇಲ್ಲಮ್ಮ, ಸತ್ತುಹೋದಳಂತೆ’. ಯಾಕೆ ಹಾಗೆಂದೆನೋ ತಿಳಿಯದು. ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡೆ.

ಅಮ್ಮ ಅನ್ನ ಕಲೆಸುತ್ತಿದ್ದ ಕೈ ನಿಲ್ಲಿಸಿದಳು. ಆಮೇಲೆ, ಎಲ್ಲಿ ಮಣ್ಣು ಮಾಡಿದ್ದಾರೆ ಎಂದು ಕೇಳಿದಳು. ಅತ್ತೆಗೆ ಗೊತ್ತಿರಬಹುದು ಎಂದೆ. ಎದ್ದು ಕೈ ತೊಳೆದು ಚೀಲ ತುಂಬಲು ಶುರುಮಾಡಿದಳು. ತಡೆದರೆ ಕೇಳಲಿಲ್ಲ. ತನ್ನಪ್ಪ ಸತ್ತ ಮೇಲೆ ಆ ಕಾರ್ಖಾನೆಯ ಕಡೆ ತಲೆ ಹಾಕದವಳು, ನಿಮ್ಮ ಮನೆಗೂ ಬಾರದವಳು, ಒಬ್ಬಳೇ ಬಸ್ಸು ಹತ್ತಿದಳು.

ಅಲ್ಲಿ ಬಂದು ಜಗಳವಾಡುತ್ತಾಳೋ ಏನೋ. ನನ್ನ ಕೈ ಮೀರಿದೆ. ನೀವು ಏನು ಮಾಡಿದರೂ ಅವಳನ್ನು ಒಬ್ಬಳನ್ನೇ ಬಿಡಬೇಡಿ.

ಲೀನಾ


ಜುಲೈ ೩೧

ಚಿರಂಜೀವಿ ಲೀನಾಳಿಗೆ,

ನಿನ್ನಮ್ಮ ಇಲ್ಲೇ ಇದ್ದಾಳೆ, ಆರೋಗ್ಯವಾಗಿದ್ದಾಳೆ. ಮೊದಲು ಅದನ್ನು ಬರೆಯುತ್ತೇನೆ, ಇಲ್ಲದಿದ್ದರೆ ನೀನು ಮುಂದಕ್ಕೆ ಓದುವುದಿಲ್ಲ.

ನಾನು ಜಗಳಕ್ಕೆ ಸೊಂಟ ಕಟ್ಟಿ ಕೂತಿದ್ದೆ. ಬಂದವಳನ್ನು ನೋಡಿ ಎದ್ದು ಟೀಗೆ ನೀರಿಟ್ಟೆ. ಇಷ್ಟು ಸಣ್ಣಗಾಗಿದ್ದಾಳೆಂದು ನೀನು ಬರೆದಿರಲಿಲ್ಲ. ಟೀ ಕುಡಿದಳು, ಲೋಟ ತೊಳೆದಿಟ್ಟಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, ಎಲ್ಲಿ ಮಲಗಿಸಿದ್ದಾರೆ ಅವಳನ್ನ ಎಂದಳು. ಹೇಳುವುದನ್ನು ಹತ್ತು ಸಲ ಮನಸ್ಸಿನಲ್ಲೇ ಉರು ಹೊಡೆದಿದ್ದೆ. ಒಂದೂ ನೆನಪಿಗೆ ಬರಲಿಲ್ಲ. ಬಾ ತೋರಿಸ್ತೀನಿ ಎಂದು ಚಪ್ಪಲಿ ಮೆಟ್ಟಿದೆ.

ಗೇಟಿನ ಮುಂದೆ ಅವಳ ಕಾಲು ನಿಂತಿತು. ಅವಳಪ್ಪನನ್ನು ಹೊರಗೆ ತಂದದ್ದು ಅದೇ ಗೇಟಿನಿಂದ. ಇಲ್ಲಿ ಯಾಕೆ ಎಂದಳು. ನಾನು ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಕಾವಲುಗಾರ ಹಳೆಯ ಪರಿಚಯದವನು, ಬಿಟ್ಟ. ಅಂಗಳದ ತುಂಬ ಕಬ್ಬಿಣ. ರೀಟಾ, ಮೋನಾ ಆಗಲೇ ತುಂಡಾಗಿ ಲಾರಿ ಹತ್ತಿದ್ದರು. ಲೀನಾ ಗೋಡೆಯ ಪಕ್ಕ ಒಂದು ಕಡೆಗೆ ವಾಲಿಕೊಂಡು ನಿಂತಿತ್ತು. ನಿನ್ನಮ್ಮ ನೆಲ ನೋಡುತ್ತಿದ್ದಳು, ಕಲ್ಲೋ ಮಣ್ಣಿನ ದಿಬ್ಬವೋ ಇರುತ್ತದೆಂದು. ನಾನು ಅಂಗೈಯಿಂದ ಮುಚ್ಚಳದ ಧೂಳು ಒರೆಸಿದೆ. ನನ್ನ ಕೈಬರಹ ಇನ್ನೂ ಇತ್ತು.

ಓದಿದಳು. ನನ್ನ ಮುಖ ನೋಡಿದಳು. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳೇನೋ. ಅಲ್ಲೇ ಒಂದು ಹಳೆಯ ಮರದ ಪೆಟ್ಟಿಗೆಯ ಮೇಲೆ ಕೂರಿಸಿ ಎಲ್ಲ ಹೇಳಿದೆ. ಸ್ಟೋರ್ಸ್‌ನ ಕುರ್ಚಿ ಹೋದದ್ದು, ನನ್ನ ಬಚ್ಚಲು, ಸೋಪು, ನೀನು ಹುಟ್ಟಿದ ದಿನ, ಅವನು ಸಿಟ್ಟಲ್ಲಿ ನಿದ್ದೆ ಬರುತ್ತೆ ಎಂದದ್ದು. ನಾನು ಮುಗಿಸಿದ ಮೇಲೆ ಅವಳು ಎದ್ದು ಯಂತ್ರದ ಹತ್ತಿರ ಹೋಗಿ, ಬಲಗೈಯನ್ನು ಆ ಎರಡು ಉರುಳೆಗಳ ನಡುವೆ ತೂರಿಸಿದಳು, ಮಣಿಕಟ್ಟಿನವರೆಗೆ. ಕರೆಂಟಿಲ್ಲದ ಯಂತ್ರ ಎಂಬುದು ಮರೆತು ನಾನು ಚೀರಿ ಅವಳನ್ನು ಹಿಂದಕ್ಕೆ ಎಳೆದೆ. ಕಾವಲುಗಾರ ಓಡಿಬಂದ.

“ಇಷ್ಟೇ ಜಾಗದಲ್ಲಿ ದಿನಾ ಕೈ ಇಡ್ತಿದ್ರಾ ಇವರು” ಎಂದಳು.

ನನ್ನ ಹಿಂದೆಯೇ ಮನೆಗೆ ಬಂದಳು. ಎರಡು ದಿನ ನನ್ನೊಂದಿಗೆ ಮಾತಿಲ್ಲ. ನನಗೆ ನಿನ್ನ ಕಾಗದ ನೆನಪಾಗುತ್ತಿತ್ತು. ತಮ್ಮನ ಮಾನ ಉಳಿಸಲು ಹೋಗಿ ಇವಳನ್ನು ಕೊಂದೆನೇ ಎಂದುಕೊಂಡೆ. ಮೂರನೆಯ ದಿನ ನಾನು ತರಕಾರಿ ಹೆಚ್ಚುತ್ತಿದ್ದೆ, ಬಂದು ಎದುರಿಗೆ ಕೂತಳು. ನನಗೆ ಕೇಳಿಸಲೆಂದು ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಅದಕ್ಕೇ ಇದ್ದದ್ದು ಇದ್ದ ಹಾಗೆ ನಿನಗೆ ಬರೆಯಲು ಆಗುತ್ತಿದೆ.

“ಅತ್ತಿಗೆ, ನಾನು ಜಗಳಕ್ಕೆ ಬಂದಿರ್ಲಿಲ್ಲ. ಅವಳನ್ನ ಕ್ಷಮಿಸೋಕೆ ಬಂದಿದ್ದೆ. ಅವರೂ ಹೋದ್ರು, ಅವಳೂ ಹೋದ್ಲು, ಇನ್ನು ಯಾರ ಮೇಲೆ ಹಟ ಅಂತ ಬಸ್ಸಲ್ಲಿ ಕೂತು ಮನಸ್ಸು ಗಟ್ಟಿ ಮಾಡ್ಕೊಂಡೇ ಬಂದೆ. ಹೆಂಗಸಾಗಿದ್ರೆ ಕ್ಷಮಿಸಿ ಹೋಗ್ತಿದ್ದೆ. ಈಗ ಇವರನ್ನ ಹೇಗೆ ಕ್ಷಮಿಸ್ಲಿ ಹೇಳಿ.”

ಅವನು ನಿನ್ನ ಒಳ್ಳೇದಕ್ಕೇ ಮಾಡಿದ್ದು ಎಂದೆ ನಾನು. ಅವಳು ತಲೆ ಅಲ್ಲಾಡಿಸಿದಳು.

“ಹೆದರಿಕೆ ನನ್ನದು ಅತ್ತಿಗೆ. ಅದನ್ನ ಇಟ್ಕೊಳ್ಳೋದೋ ಬಿಡೋದೋ ನಾನು ನೋಡ್ಕೋತಿದ್ದೆ. ರೋಲರ್‌ಗೆ ಹೋಗ್ತಾರೆ ಅಂತ ಗೊತ್ತಿದ್ದಿದ್ರೆ ದಿನಾ ಸಂಜೆ ಬಾಗಿಲಲ್ಲಿ ನಿಂತು ಕಾಯ್ತಿದ್ದೆ. ಬಂದ ಕೂಡ್ಲೇ ಎರಡೂ ಕೈ ಹಿಡಿದು ನೋಡ್ತಿದ್ದೆ. ಅಷ್ಟೂ ವರ್ಷ. ಸಿಟ್ಟಿತ್ತು ಅಂತ ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗ್ತಿದ್ದೆ. ನಿದ್ದೆ ಬರ್ತಿತ್ತು, ಸುಳ್ಳಲ್ಲ. ಅವರ ಕೊನೇ ರಾತ್ರೀಲೂ ಬಂತು.”

ನನ್ನ ಕೈಯಲ್ಲಿದ್ದ ಚಾಕು ಕೆಳಗಿಟ್ಟೆ. ನಿನಗೆ ಬರೆದ ಕಾಗದಗಳಲ್ಲಿ ನಾನು ತಮ್ಮನನ್ನು ಎಷ್ಟು ದೊಡ್ಡವನನ್ನಾಗಿ ಮಾಡಿದ್ದೆ ಎಂದು ಆಗ ಗೊತ್ತಾಯಿತು. ಇವಳ ಕಡೆಯಿಂದ ಒಮ್ಮೆಯೂ ನೋಡಿರಲಿಲ್ಲ.

ಯಾವಾಗ ಕಳಿಸುತ್ತೀರಿ ಎಂದು ನೀನು ಕೇಳುತ್ತೀಯ. ಗೊತ್ತಿಲ್ಲ. ನಾನು ಕೇಳಿಲ್ಲ, ಅವಳು ಹೇಳಿಲ್ಲ. ಬೆಳಿಗ್ಗೆ ನನ್ನ ಜೊತೆ ಮಾರುಕಟ್ಟೆಗೆ ಬರುತ್ತಾಳೆ, ಮಧ್ಯಾಹ್ನ ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತಾಳೆ. ಸಂಜೆ ಐದಾದರೆ, ಹಿಂದೆ ಪಾಳಿ ಬಿಡುತ್ತಿದ್ದ ಹೊತ್ತಿಗೆ, ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ, ಎದುರಿನ ಗೇಟು ನೋಡುತ್ತ. ಕತ್ತಲಾಗುವವರೆಗೆ ಒಳಗೆ ಬರುವುದಿಲ್ಲ. ನಾನೂ ಕರೆಯುವುದಿಲ್ಲ.

ಅತ್ತೆ